ನಾಲ್ಕನೆಯ ನಿಂಬೆಹಣ್ಣು

ಶೇಖರಪ್ಪನವರು ತಮ್ಮ ಫಿಯಟ್ ಕಾರನ್ನು ಎರಡು ಇಂಚು ಕುಳ್ಳಗೆ ಮಾಡಿಸುವ ತೀರ್ಮಾನಕ್ಕೆ ಬಂದದ್ದು ಕಾರ್ಖಾನೆಯ ಕ್ಯಾಂಟೀನಿನಲ್ಲಿ, ಎರಡನೆಯ ಇಡ್ಲಿಗೂ ಮೂರನೆಯದಕ್ಕೂ ನಡುವೆ. ಅದಕ್ಕೆ ಮೊದಲು ಅವರಿಗೆ ಅಂಥ ಯೋಚನೆಯೇ ಇರಲಿಲ್ಲ. ಮೂರನೆಯ ಇಡ್ಲಿ ಮುಗಿಯುವ ಹೊತ್ತಿಗೆ ಅದು ಅವರ ಬಹುದಿನದ ಸಿದ್ಧಾಂತವಾಗಿತ್ತು.

ಜಾಲಹಳ್ಳಿಯ ಆ ಕಾರ್ಖಾನೆಯ ಸ್ಟೋರ್ಸ್ ಸೂಪರಿಂಟೆಂಡೆಂಟ್ ರಾಮಕೃಷ್ಣಪ್ಪನವರು ಎಂಬತ್ತನಾಲ್ಕರ ಡಿಸೆಂಬರ್ ಮೂವತ್ತೊಂದು, ಸೋಮವಾರ, ನಿವೃತ್ತರಾಗುವವರಿದ್ದರು. ನಿವೃತ್ತರಾದವರಿಗೆ ಹಾರ ಹಾಕಿ, ಹೂವಿನ ಕಾರಿನಲ್ಲಿ ಕೂರಿಸಿ, ಮುಂದೆ ಬ್ಯಾಂಡು ಬಾರಿಸುತ್ತ ಮನೆ ಬಾಗಿಲವರೆಗೆ ಬಿಟ್ಟುಬರುವುದು ಅಲ್ಲಿನ ಪದ್ಧತಿ. ಸ್ಟೋರ್ಸಿನವರದು ಇನ್ನೊಂದು ಪದ್ಧತಿಯಿತ್ತು. ಅದು ಯಾವ ನಿಯಮದ ಪುಸ್ತಕದಲ್ಲೂ ಇರಲಿಲ್ಲ, ಹಾಗಾಗಿ ಯಾರೂ ಅದನ್ನು ಮುರಿದಿರಲಿಲ್ಲ. ನಿವೃತ್ತರಾಗುವ ಸೂಪರಿಂಟೆಂಡೆಂಟ್ ಸ್ಟೋರ್ಸಿನ ಬೀಗದ ಕೈ ಗೊಂಚಲನ್ನು ಸೊಂಟದಲ್ಲೇ ಇಟ್ಟುಕೊಂಡು ಮನೆಗೆ ಹೋಗುತ್ತಾರೆ. ಮನೆ ಬಾಗಿಲಲ್ಲಿ ನಿಂತು ಯಾರ ಕೈಗೆ ಅದನ್ನು ಹಾಕುತ್ತಾರೋ ಅವರಿಗೆ ಮರುದಿನದಿಂದ ಕುರ್ಚಿ. ಮ್ಯಾನೇಜರು ಆಮೇಲೆ ಸಹಿ ಹಾಕುತ್ತಾರೆ, ಅಷ್ಟೆ.

ಈ ಸಲ ಆ ಗೊಂಚಲಿಗೆ ಕೈ ಚಾಚಿದ್ದವರು ಇಬ್ಬರು. ಒಬ್ಬರು ನಮ್ಮ ಶೇಖರಪ್ಪನವರು. ಇನ್ನೊಬ್ಬ ಉಪೇಂದ್ರ. ಇಬ್ಬರೂ ಒಂದೇ ದಿನ ಕೆಲಸಕ್ಕೆ ಸೇರಿದವರು. ಉಪೇಂದ್ರ ಇಪ್ಪತ್ತು ನಿಮಿಷ ಮುಂಚೆ ಬಂದಿದ್ದ. ಅವನ ಬಸ್ಸು ಬೇಗ ಸಿಕ್ಕಿತ್ತು. ಆ ಇಪ್ಪತ್ತು ನಿಮಿಷವನ್ನು ಹದಿನೆಂಟು ವರ್ಷಗಳಿಂದ ಅವನು ಮರೆತಿರಲಿಲ್ಲ, ಮರೆಯಲು ಬಿಟ್ಟಿರಲೂ ಇಲ್ಲ.

"ಸಾರ್‌ಗೆ ಮಂಡಿನೋವು ಕಣ್ರೀ," ಎಂದು ಉಪೇಂದ್ರ ಚಟ್ನಿ ಹಾಕಿಸಿಕೊಳ್ಳುತ್ತ ಹೇಳಿದ. "ನಮ್ ಮಾವನೋರ ಅಂಬಾಸಿಡರ್ ತರಿಸ್ತಾ ಇದೀನಿ. ಸೋಫಾ ಇದ್ದಂಗಿದೆ."

"ಅಂಬಾಸಿಡರ್‌ಗೆ ಕಾಲೆತ್ತಿ ಹತ್ಬೇಕು," ಎಂದರು ಶೇಖರಪ್ಪ. "ಮಂಡಿನೋವಿನೋರ್ನ ಲಾರಿ ಹತ್ತಿಸ್ತೀರಾ? ನಮ್ ಕಾರು ತಗ್ಗು. ಮಣೆ ಮೇಲೆ ಕೂತ ಹಾಗೆ ಕೂತ್ಕೊಳ್ಬಹುದು."

"ನಿಮ್ ಕಾರು ತಗ್ಗಾ? ದಿನಾ ನೋಡ್ತೀನಲ್ರೀ. ಎಲ್ಲಾ ಫಿಯಟ್ ಥರಾನೇ ಇದೆ."

ಇಲ್ಲಿ ಶೇಖರಪ್ಪನವರು ಸುಮ್ಮನಾಗಬಹುದಾಗಿತ್ತು. "ಇಳಿಸ್ತಾ ಇದೀನಲ್ಲ," ಎಂದುಬಿಟ್ಟರು. "ಎರಡು ಇಂಚು. ಫಾರಿನ್ನಲ್ಲಿ ಎಲ್ಲಾ ಹಂಗೇನೆ. ಕಾರು ತಗ್ಗಿದಷ್ಟೂ ರಸ್ತೆ ಹಿಡ್ಕೊಳ್ತದೆ."

ಪಕ್ಕದ ಮೇಜಿನಲ್ಲಿ ಬೆನ್ನು ತಿರುಗಿಸಿ ಕುಳಿತಿದ್ದ ರಾಮಕೃಷ್ಣಪ್ಪನವರು ಕಾಫಿ ಲೋಟ ಕೆಳಗಿಟ್ಟರು. ಅವರು ಅಂಗಿಯ ಜೇಬಿನಲ್ಲಿ ಅರ್ಧ ಅಡಿಯ ಸ್ಟೀಲ್ ಸ್ಕೇಲು ಇಟ್ಟುಕೊಂಡು ತಿರುಗುವ ಮನುಷ್ಯ. ಬಂದ ಮಾಲಿನ ಪೆಟ್ಟಿಗೆಯಿಂದ ಒಂದು ಮೊಳೆ ತೆಗೆದು ಬೆರಳುಗಳ ನಡುವೆ ಉರುಳಿಸಿ, ಇಡೀ ಪೆಟ್ಟಿಗೆಯನ್ನು ವಾಪಸ್ ಕಳಿಸಿದವರು. ಅವರು ತಿರುಗಿ ನೋಡದೆಯೇ ಹೇಳಿದರು: "ಆಗ್ಲಿ ಶೇಖರಪ್ಪ. ನಿಮ್ ಕಾರಲ್ಲೇ ಹೋಗೋಣ."

ಅಂದು ಬುಧವಾರ. ಎರಡು ಇಂಚಿಗೆ ಐದು ದಿನವಿತ್ತು.

ಯಶವಂತಪುರದ ಮಾರ್ಕೆಟ್ಟಿನ ಹಿಂದೆ ಖಾದರ್ ಬಾಷಾ ಅವರ ಗ್ಯಾರೇಜು. ಶೇಖರಪ್ಪನವರ ಬೇಡಿಕೆ ಕೇಳಿ ಅವರು ಬಾಯಿಯ ಬೀಡಿ ತೆಗೆದರು.

"ಇಳಿಸೋದೇನು ಸಾರ್, ಮುಂದಿನ ಸ್ಪ್ರಿಂಗು ಒಂದೊಂದು ಸುತ್ತು ಕಟ್ ಮಾಡಿ, ಹಿಂದೆ ಕಮಾನಿನ ಪಟ್ಟಿ ಒಂದು ತೆಗೆದ್ರೆ ತಾನೇ ಕೂತ್ಕೊಳ್ತದೆ. ಆದ್ರೆ ಬೇಡ."

"ಯಾಕೆ ಬೇಡ?"

ಖಾದರ್ ಬಾಷಾ ಲುಂಗಿ ಎತ್ತಿಕಟ್ಟಿ ಎದುರಿಗೆ ನಿಂತರು. "ನೋಡಿ, ನಿಂತಾಗ ನನ್ ಪಾದ ನೇರ ಇದೆ." ಹಾಗೆಯೇ ಕುಕ್ಕರಗಾಲಿನಲ್ಲಿ ಕುಳಿತರು. "ಈಗ? ಮಂಡಿ ಆಕಡೆ ಈಕಡೆ ಹೋಯ್ತಾ? ಪಾದ ಓರೆ ಆಯ್ತಾ? ಹಿಂಗೇ ಕೂತ್ಕೊಂಡು ನಾನು ಯಲಹಂಕಕ್ಕೆ ನಡ್ಕೊಂಡು ಹೋಗ್ಬೇಕು ಅಂದ್ರೆ ಹೆಂಗೆ ಹೋಗ್ಲಿ? ಕಾರೂ ಅಷ್ಟೇ. ಬಾಡಿ ಕೂತ್ರೆ ಚಕ್ರ ಓರೆ ಆಗ್ತದೆ. ಎರಡು ದಿನ ಓಡ್ಸಿ ತಂದ್ಬಿಡಿ, ದಾರ ಹಿಡಿದು ಅಲೈನ್‌ಮೆಂಟ್ ಮಾಡ್ಲೇಬೇಕು."

"ಅಲೈನ್‌ಮೆಂಟೆಲ್ಲ ಲಾರಿಗಳಿಗೆ, ಬಾಷಾ. ರಸ್ತೆ ನೇರ ಇದ್ರೆ ಕಾರು ನೇರ ಹೋಗುತ್ತೆ."

ಖಾದರ್ ಬಾಷಾ ಅವರನ್ನೊಮ್ಮೆ ನೋಡಿದರು. ಮೂವತ್ತು ವರ್ಷಗಳಲ್ಲಿ ಅವರು ನೂರಾರು ಕಾರುಗಳನ್ನು ರಿಪೇರಿ ಮಾಡಿದ್ದರು. ಮಾಲೀಕರನ್ನು ರಿಪೇರಿ ಮಾಡಲು ಎಂದೂ ಹೋದವರಲ್ಲ. ಬೀಡಿಯನ್ನು ಮತ್ತೆ ಬಾಯಿಗಿಟ್ಟು ಗರಗಸ ಕೈಗೆತ್ತಿಕೊಂಡರು.

ಶನಿವಾರ ಸಂಜೆ ಕಾರು ಸಹಕಾರನಗರದ ಮನೆಗೆ ಬಂತು. ಗೇಟಿಗೆ ಬಂದ ಹೆಂಡತಿ ಜಯಾ ಅದನ್ನು ಆ ಕೊನೆಯಿಂದ ಈ ಕೊನೆಗೆ ನೋಡಿದರು. "ಏನ್ರೀ ಇದು, ನಾಲ್ಕೂ ಚಕ್ರ ಒಟ್ಟಿಗೆ ಪಂಕ್ಚರಾ?"

ಶೇಖರಪ್ಪನವರು ಕಾರಿನಿಂದಿಳಿದು ಅಂಗೈ ಉಜ್ಜಿಕೊಂಡರು. ಯಶವಂತಪುರದಿಂದ ಬರುವಾಗ ಕಾರು ನಾಲ್ಕು ಸಲ ಎಡಗಡೆಯ ಮೋರಿಯ ಕಡೆ ತಿರುಗಿತ್ತು. ಮೊದಲನೆಯ ಸಲ ಅವರು ಗಾಳಿಯನ್ನು ಬೈದರು, ಎರಡನೆಯ ಸಲ ಕಾರ್ಪೊರೇಷನ್ನನ್ನು. ಮೂರನೆಯ ಸಲ ಬೈಯಲು ಯಾರೂ ಉಳಿದಿರಲಿಲ್ಲ. ನಾಲ್ಕನೆಯ ಸಲ ಖಾದರ್ ಬಾಷಾ ಕುಕ್ಕರಗಾಲಿನಲ್ಲಿ ಕುಳಿತದ್ದು ಕಣ್ಣಿಗೆ ಕಟ್ಟಿತು.

ಭಾನುವಾರ ಬೆಳಿಗ್ಗೆ ಪರೀಕ್ಷೆಗೆಂದು ರಸ್ತೆಯ ಕೊನೆಯಿಂದ ಕಾರು ಬಿಟ್ಟುಕೊಂಡು ಬಂದು ಸ್ಟೇರಿಂಗಿನ ಹಿಡಿತ ಸಡಿಲಿಸಿದರು. ಕಾರು ಸೀದಾ ಎಡಮನೆಯ ಅಂಜನಮ್ಮನವರ ರಂಗೋಲಿಯ ಮೇಲೆ ಹೋಗಿ ನಿಂತಿತು. ಇನ್ನೊಮ್ಮೆ ಬಿಟ್ಟರು. ಮತ್ತೆ ಅದೇ ರಂಗೋಲಿ. ಮೂರನೆಯ ಸಲ ಅಂಜನಮ್ಮನವರು ಬಾಗಿಲಲ್ಲೇ ಕಾಯುತ್ತಿದ್ದರು.

"ಶೇಖರಪ್ಪನೋರೆ, ನಮ್ ಮೇಲೆ ಏನಾದ್ರೂ ಸಿಟ್ಟಿದ್ರೆ ಬಾಯ್ಬಿಟ್ಟು ಹೇಳಿ. ಹಿಂಗೆ ಬಂದ್ ಬಂದ್ ಅಳಿಸ್ಬೇಡಿ."

"ಸ್ವಲ್ಪ ಅಲೈನ್‌ಮೆಂಟು..."

"ಅದೇನಿದ್ರೂ ನಿಮ್ಮನೇಲಿ ಇಟ್ಕೊಳ್ಳಿ."

ಅವರು ಯಶವಂತಪುರಕ್ಕೆ ಓಡಿದರು. ಗ್ಯಾರೇಜಿನ ಬಾಗಿಲು ಹಾಕಿತ್ತು. ಪಕ್ಕದ ಟೀ ಅಂಗಡಿಯವನು ಹೇಳಿದ: "ಬಾಷಾ ಭಾಯ್ ತಂಗಿ ಮಗಳ ಮದುವೆಗೆ ಚಿಂತಾಮಣಿಗೆ ಹೋದ್ರು. ಮಂಗಳವಾರ ಬರ್ತಾರೆ."

ಮೆರವಣಿಗೆ ಸೋಮವಾರ.

"ಉಪೇಂದ್ರನೋರಿಗೆ ಹೇಳ್ಬಿಡ್ರೀ," ಎಂದರು ಜಯಾ. "ಅಂಬಾಸಿಡರ್ ತರ್ಲಿ."

"ತರ್ತಾನೆ. ವಾಪಸ್ ಹೋಗೋವಾಗ ಬೀಗದ ಕೈ ತಗೊಂಡ್ ಹೋಗ್ತಾನೆ."

ಆ ಮಧ್ಯಾಹ್ನವೆಲ್ಲ ಶೇಖರಪ್ಪನವರು ಅಭ್ಯಾಸ ಮಾಡಿದರು. ಸ್ಟೇರಿಂಗನ್ನು ಕಾಲು ಸುತ್ತು ಬಲಕ್ಕೆ ತಿರುಗಿಸಿ, ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದು, ಉಸಿರು ಕಟ್ಟಿದರೆ ಕಾರು ನೇರ ಹೋಗುತ್ತಿತ್ತು. ಉಸಿರು ಬಿಟ್ಟರೆ ಅಂಜನಮ್ಮನವರ ಮನೆ. ಜಾಲಹಳ್ಳಿಯಿಂದ ಆರ್.ಟಿ. ನಗರದ ರಾಮಕೃಷ್ಣಪ್ಪನವರ ಮನೆಗೆ ಹತ್ತು ಹನ್ನೊಂದು ಕಿಲೋಮೀಟರು. ಅಷ್ಟು ದೂರ ಉಸಿರು ಕಟ್ಟಬಲ್ಲ ಮನುಷ್ಯ ಆಗಿನ ಬೆಂಗಳೂರಿನಲ್ಲಿ ಇರಲಿಲ್ಲ.

ಸೋಮವಾರ ನಾಲ್ಕು ಗಂಟೆಗೆ ಕಾರ್ಖಾನೆಯ ಗೇಟಿನಲ್ಲಿ ಸ್ಟೋರ್ಸಿನವರೆಲ್ಲ ನೆರೆದಿದ್ದರು. ಬ್ಯಾಂಡಿನವರು ಟೆಂಪೋ ಹತ್ತಿದ್ದರು. ಹಾರಗಳ ಮೇಲೆ ಕಣ್ಣಷ್ಟೇ ಕಾಣುತ್ತಿದ್ದ ರಾಮಕೃಷ್ಣಪ್ಪನವರು ಮುಂದಿನ ಬಾಗಿಲು ತೆರೆಸಿ, ಒಂದು ಕಾಲು ಒಳಗಿಟ್ಟು ಕುಸಿದರು. ಮಂಡಿ ಸದ್ದು ಮಾಡಲಿಲ್ಲ.

"ಬಹಳ ತಗ್ಗು," ಎಂದರು. "ಬಹಳ ಸುಖ."

ಶೇಖರಪ್ಪನವರು ಉಪೇಂದ್ರನನ್ನು ನೋಡಿದರು. ಉಪೇಂದ್ರ ಆಕಾಶ ನೋಡಿದ. ಮುಂದಿನ ಒಂದು ತಾಸಿನಲ್ಲಿ ಶೇಖರಪ್ಪನವರಿಗೆ ನೆಮ್ಮದಿಯಿದ್ದದ್ದು ಆ ಮೂರು ಸೆಕೆಂಡು ಮಾತ್ರ.

ಅಟೆಂಡರ್ ಪಿಳ್ಳಣ್ಣ ಕರ್ಪೂರ ಬೆಳಗಿ, ನಾಲ್ಕು ಚಕ್ರಕ್ಕೂ ಒಂದೊಂದು ನಿಂಬೆಹಣ್ಣು ಇಟ್ಟು, "ಬುಡಿ ಸಾಮಿ" ಎಂದ. ಶೇಖರಪ್ಪನವರು ಕ್ಲಚ್ಚು ಬಿಟ್ಟರು. ಹಿಂದಿನ ಎರಡು ಹಣ್ಣು ಪಚಕ್ಕೆಂದವು. ಮುಂದೆ ಎಡಗಡೆಯದೂ ಪಚಕ್ಕೆಂದಿತು. ಮುಂದೆ ಬಲಗಡೆಯದು ಚಕ್ರದ ಅಂಚಿನಿಂದ ಚಿಮ್ಮಿ, ಟಾರಿನ ಮೇಲೆ ಉರುಳುತ್ತ ಹೋಗಿ ಉಪೇಂದ್ರನ ಬೂಟಿಗೆ ತಗುಲಿ ನಿಂತಿತು.

ಕ್ಲಾರಿಯೊನೆಟ್ಟಿನವನು ಉಸಿರು ನಿಲ್ಲಿಸಿದ. ಡೋಲು ಮಾತ್ರ ವಿಷಯ ತಿಳಿಯದೆ ಇನ್ನೆರಡು ಏಟು ಹೊಡೆಯಿತು.

"ಅಯ್ಯೋ, ಒಡೀನಿಲ್ಲ!" ಎಂದು ಪಿಳ್ಳಣ್ಣ ತಲೆಯ ಮೇಲೆ ಕೈಯಿಟ್ಟುಕೊಂಡ. "ಮೂವತ್ತು ಗಾಡಿಗೆ ಮಡಗಿದೀನಿ, ಒಂದೂ ಇಂಗಾಗಿಲ್ಲ!"

ಉಪೇಂದ್ರ ಹಣ್ಣನ್ನು ಎರಡು ಬೆರಳಲ್ಲಿ ಎತ್ತಿದ. ಮುಖದಲ್ಲಿ ದುಃಖವನ್ನು ಚೆನ್ನಾಗಿಯೇ ತಂದುಕೊಂಡಿದ್ದ. "ನಾನು ನಂಬೋನಲ್ಲ ಸಾರ್. ಆದ್ರೂ ಶುಭ ದಿನ. ಮಾವನೋರ ಕಾರು ಆ ಮರದ ಕೆಳಗೇ ಇದೆ. ತರಿಸ್ಲಾ?"

"ಕೊಡಿ ಇಲ್ಲಿ."

ರಾಮಕೃಷ್ಣಪ್ಪನವರು ಕನ್ನಡಕ ಹಾಕಿಕೊಂಡರು. ಹಣ್ಣನ್ನು ಬೆರಳುಗಳ ನಡುವೆ ಉರುಳಿಸಿದರು. ಸಿಪ್ಪೆಯ ಮೇಲೆ ಉಗುರು ಎಳೆದರು. ಸ್ಕೇಲು ತೆಗೆದು ಏನೋ ಅಳೆದರು. ಹಣ್ಣೊಂದನ್ನು ಅಷ್ಟು ಗಂಭೀರವಾಗಿ ನೋಡಿದವರನ್ನು ಶೇಖರಪ್ಪನವರು ಮಾರ್ಕೆಟ್ಟಿನಲ್ಲೂ ಕಂಡಿರಲಿಲ್ಲ. ಅವರ ಬೆನ್ನಿನಲ್ಲಿ ಬೆವರು ಇಳಿಯಿತು. ವಾಪಸ್ ಹೋಗುವ ಪೆಟ್ಟಿಗೆಗೆ ಜೀವವಿದ್ದಿದ್ದರೆ ಹೀಗೇ ಅನ್ನಿಸುತ್ತಿತ್ತೇನೋ.

"ಹೂಂ," ಎಂದು ರಾಮಕೃಷ್ಣಪ್ಪನವರು ಹಣ್ಣನ್ನು ಕೋಟಿನ ಜೇಬಿಗೆ ಹಾಕಿಕೊಂಡರು. "ಇದೇ ಕಾರಲ್ಲಿ ಹೋಗೋಣ. ಆದ್ರೆ ಯಶವಂತಪುರದ ಮೇಲೆ ಬೇಡ. ತಿಂಡ್ಲು, ಕೊಡಿಗೇಹಳ್ಳಿ ಮೇಲೆ."

ಗುಂಪಿನಲ್ಲಿ ಗುಸುಗುಸು ಎದ್ದಿತು. ಕೊಡಿಗೇಹಳ್ಳಿ ರಾಮಕೃಷ್ಣಪ್ಪನವರ ಹುಟ್ಟೂರು. ಒಂಬತ್ತು ವರ್ಷಗಳ ಹಿಂದೆ ಮಗಳ ಮದುವೆಯ ಲಗ್ನಪತ್ರಿಕೆಯಲ್ಲಿ ಅವರು ತಮ್ಮ ಹೆಸರನ್ನು ಮೇಲೆ ಹಾಕಿಸಿ, ಅಣ್ಣ ಮುನಿವೆಂಕಟಯ್ಯನವರ ಹೆಸರನ್ನು ಕೆಳಗೆ ಹಾಕಿಸಿದ್ದರು. ಅಣ್ಣ ಮದುವೆಗೆ ಬರಲಿಲ್ಲ. ಮದುವೆಗೆ ಬಾರದವನ ಮನೆಗೆ ತಮ್ಮ ಹೋಗಲಿಲ್ಲ. ಮೊದಲು ಅವನು ಬರಲಿ ಎಂದು ಇಬ್ಬರೂ ಒಂಬತ್ತು ವರ್ಷ ಕಾದಿದ್ದರು.

ಉಪೇಂದ್ರ ಸ್ಕೂಟರನ್ನು ಕಾರಿನ ಪಕ್ಕಕ್ಕೆ ತಂದು ಬಗ್ಗಿದ. "ಶೇಖರಪ್ಪ, ಹಳೇ ಸ್ನೇಹಕ್ಕೆ ಹೇಳ್ತೀನಿ. ಅವರಣ್ಣನ ಮನೆ ರಸ್ತೆ ಪಕ್ಕದಲ್ಲೇ ಬರುತ್ತೆ. ಅಲ್ಲಿ ಮಾತ್ರ ನಿಲ್ಲಿಸ್ಬೇಡಿ. ಸ್ಲೋನೂ ಮಾಡ್ಬೇಡಿ. ನಿಲ್ಸಿದ್ರೆ ನಿಮ್ ಕಥೆ ಮುಗೀತು."

"ಯಾವ ಪಕ್ಕ?"

"ಎಡಗಡೆ."

ಮೆರವಣಿಗೆ ಹೊರಟಿತು. ಮುಂದೆ ಬ್ಯಾಂಡಿನ ಟೆಂಪೋ, ಅದರ ಹಿಂದೆ ಕಾರು, ಕಾರಿನ ಹಿಂದೆ ಹದಿನೈದು ಸ್ಕೂಟರು. ಶೇಖರಪ್ಪನವರು ಕಾಲು ಸುತ್ತು ಬಲಕ್ಕೆ ಹಿಡಿದು ಉಸಿರು ಕಟ್ಟಿದರು. ತಿಂಡ್ಲು ಬರುವ ಹೊತ್ತಿಗೆ ಬಲಗೈ ಮರಗಟ್ಟಿತ್ತು. ಒಂದು ಹಳ್ಳಕ್ಕೆ ಚಕ್ರ ಇಳಿದು ಹಿಡಿತ ತಪ್ಪಿದಾಗ, ಎಡಪಕ್ಕದಲ್ಲಿ ಬರುತ್ತಿದ್ದ ಉಪೇಂದ್ರ ಸ್ಕೂಟರ್ ಸಮೇತ ರಾಗಿ ಹೊಲಕ್ಕೆ ಇಳಿದುಹೋದ.

"ಬೇಕಂತ ಮಾಡ್ತಾ ಇದೀರಾ ಶೇಖರಪ್ಪ!" ಎಂಬ ಕೂಗು ಹೊಲದ ಮಧ್ಯದಿಂದ ಕೇಳಿಸಿತು.

ರಾಮಕೃಷ್ಣಪ್ಪನವರು ಜೇಬಿನಿಂದ ನಿಂಬೆಹಣ್ಣು ತೆಗೆದು ಒಮ್ಮೆ ನೋಡಿ, ಮತ್ತೆ ಇಟ್ಟುಕೊಂಡರು. "ಕೈ ನಡುಗ್ತಾ ಇದೆಯಲ್ಲ, ಚಳಿ ಜ್ವರಾನಾ?"

"ಇಲ್ಲ ಸಾರ್. ತಾವು ಹೋಗ್ತಾ ಇದೀರಲ್ಲ ಅಂತ ದುಃಖ."

"ಓಹೋ. ದುಃಖ ಬಲಗಡೆಗೇ ಇದೆ."

ಕೊಡಿಗೇಹಳ್ಳಿ ಬಂತು. ಬ್ಯಾಂಡಿನ ಸದ್ದಿಗೆ ಜನ ಬಾಗಿಲಿಗೆ ಬಂದರು. "ರಾಮಕೃಷ್ಣಪ್ಪ ಕಣ್ರೋ, ಮುನಿವೆಂಕಟಯ್ಯನ ತಮ್ಮ!" ಎಂಬ ಮಾತು ಕಾರಿಗಿಂತ ಮುಂಚೆ ಓಡಿತು. ಐವತ್ತು ಗಜ ಮುಂದೆ, ಎಡಗಡೆ, ಹೆಂಚಿನ ಮನೆಯ ಜಗಲಿಯ ಮೇಲೆ ಬಿಳಿ ಮೀಸೆಯ ಹಿರಿಯರೊಬ್ಬರು ಅವರೆಕಾಯಿ ಸುಲಿಯುತ್ತ ಕುಳಿತಿದ್ದರು. ಅವರು ತಲೆಯೆತ್ತಲಿಲ್ಲ. ಆದರೆ ಸುಲಿಯುತ್ತಿದ್ದ ಬೆರಳು ನಿಂತಿತ್ತು.

ಶೇಖರಪ್ಪನವರು ಹಲ್ಲು ಕಚ್ಚಿದರು. ನಲವತ್ತು ಗಜ. ಮೂವತ್ತು. ಇದೊಂದು ಮನೆ ದಾಟಿದರೆ ಬೀಗದ ಕೈ.

"ಶೇಖರಪ್ಪ, ಅದೆಷ್ಟು ಬಿಗಿಯಾಗಿ ಹಿಡಿದಿದೀರಿ! ಸ್ವಲ್ಪ ಕೈ ಬಿಡಿ."

"ಬೇಡ ಸಾರ್!"

"ಕೈಗೆ ವಿಶ್ರಾಂತಿ ಕೊಡಿ."

"ದಯವಿಟ್ಟು ಬೇಡ ಸಾರ್! ಈ ಮನೆ ದಾಟ್ಲಿ!"

"ಶೇಖರಪ್ಪ," ಎಂದರು ರಾಮಕೃಷ್ಣಪ್ಪ, ಹದಿನೆಂಟು ವರ್ಷ ಯಾರೂ ಎದುರಾಡದ ಆ ಸ್ಟೋರ್ಸಿನ ದನಿಯಲ್ಲಿ. "ನಾನು ಐದು ಗಂಟೆವರೆಗೆ ಸೂಪರಿಂಟೆಂಡೆಂಟು. ಈಗ ನಾಲ್ಕು ಮುಕ್ಕಾಲು. ಕೈ ಬಿಡಿ."

ಕೈಗಳು ಯಜಮಾನರನ್ನು ಕೇಳದೆ ತಾವೇ ಬಿಟ್ಟವು. ಕಾರು ಎಡಕ್ಕೆ ತಿರುಗಿತು. ಮೋರಿಯ ಚಪ್ಪಡಿ ದಾಟಿ, ಅಂಗಳಕ್ಕೆ ನುಗ್ಗಿ, ಅವರೆ ಸಿಪ್ಪೆಯ ಮಂಕರಿಯನ್ನು ಅಪ್ಪಚ್ಚಿ ಮಾಡಿ, ಜಗಲಿಗೆ ಎರಡಡಿ ಉಳಿದಾಗ ಶೇಖರಪ್ಪನವರ ಕಾಲು ಬ್ರೇಕನ್ನು ಹುಡುಕಿಕೊಂಡಿತು.

ಊರು ಸ್ತಬ್ಧವಾಯಿತು. ಮುಂದೆ ಹೋಗಿಬಿಟ್ಟಿದ್ದ ಬ್ಯಾಂಡಿನವರಷ್ಟೇ ದೂರದಲ್ಲಿ ಯಾರಿಗೂ ಅಲ್ಲದ ಮೆರವಣಿಗೆಗೆ ಬಾರಿಸುತ್ತಿದ್ದರು.

ಮುನಿವೆಂಕಟಯ್ಯನವರು ಎದ್ದು ನಿಂತರು. "ಯಾವನ್ಲಾ ಅದು?"

"ನಾನು ಬರ್ಲಿಲ್ಲ," ಎಂದರು ರಾಮಕೃಷ್ಣಪ್ಪ, ಕಿಟಕಿಯಿಂದ. "ಕಾರು ತಾನಾಗೇ ಬಂತು."

"ಕಾರು ತಾನಾಗಿ ಬತ್ತದೇನ್ಲಾ?"

"ಬೇಕಾದ್ರೆ ಇವರ್ನ ಕೇಳು."

ಮುನಿವೆಂಕಟಯ್ಯನವರು ಶೇಖರಪ್ಪನವರ ಕಡೆ ತಿರುಗಿದರು. ಊರೂ ತಿರುಗಿತು. "ಹೌದು ಯಜಮಾನ್ರೆ," ಎಂದರು ಶೇಖರಪ್ಪ, ಅಳುವ ದನಿಯಲ್ಲಿ. "ದೇವರಾಣೆ ತಾನಾಗೇ ಬಂತು." ಆ ಐದು ದಿನಗಳಲ್ಲಿ ಅವರ ಬಾಯಿಂದ ಬಂದ ಮೊದಲ ಶುದ್ಧ ಸತ್ಯ ಅದು. ಒಬ್ಬರೂ ನಂಬಲಿಲ್ಲ.

"ಸರಿ, ಬಂದದ್ದಾಯ್ತು. ಇಳೀಲಾ ಕೆಳಕ್ಕೆ."

ರಾಮಕೃಷ್ಣಪ್ಪನವರು ಬಾಗಿಲು ತೆರೆದು ಕಾಲು ಹೊರಗಿಟ್ಟರು. ಏಳಲು ಹೋದರು, ಆಗಲಿಲ್ಲ. ಬಾಗಿಲ ಅಂಚು ಹಿಡಿದು ಇನ್ನೊಮ್ಮೆ ಹೋದರು; ಅರ್ಧ ಎದ್ದು ಮತ್ತೆ ಕುಸಿದರು. ತಗ್ಗಿನಲ್ಲಿ ಕೂರುವುದು ಮಂಡಿನೋವಿನವರಿಗೆ ಸುಖವೇ. ಅಲ್ಲಿಂದ ಏಳುವುದು ಬೇರೆ ಇಲಾಖೆ; ಶೇಖರಪ್ಪನವರು ಅದರ ಬಗ್ಗೆ ಯೋಚಿಸಿರಲಿಲ್ಲ.

ಮೈಗೆಲ್ಲ ರಾಗಿ ತೆನೆ ಅಂಟಿಸಿಕೊಂಡಿದ್ದ ಉಪೇಂದ್ರ ಓಡಿಬಂದ. "ನಾನು ಹಿಡ್ಕೋತೀನಿ ಸಾರ್! ಅಂಬಾಸಿಡರ್ ಆಗಿದ್ರೆ ಹಿಂಗಾಗ್ತಿರ್ಲಿಲ್ಲ..."

"ಅಂಗೇ ನಿಂತ್ಕೊ. ಮುಟ್ಬ್ಯಾಡ ಅವನ್ನ," ಎಂದರು ಮುನಿವೆಂಕಟಯ್ಯ.

ಜಗಲಿ ಇಳಿದು ಬಂದರು. ಎರಡು ಕೈ ಚಾಚಿದರು. ರಾಮಕೃಷ್ಣಪ್ಪನವರು ಆ ಕೈಗಳನ್ನು ಸ್ವಲ್ಪ ಹೊತ್ತು ನೋಡಿ, ಹಿಡಿದುಕೊಂಡರು.

"ಏನ್ಲಾ ಇಂಗ್ ಕುಂತಿದೀಯ, ಬಾವೀಗ್ ಬಿದ್ದಂಗೆ! ಏಳು. ಏಳ್ಲಾ!"

"ಎಳಿ, ಇನ್ನೂ ಎಳಿ. ಮಂಡಿ ಇಡ್ಕಂಡದೆ ಅಣ್ಣ," ಎಂದರು ಸೂಪರಿಂಟೆಂಡೆಂಟ್ ರಾಮಕೃಷ್ಣಪ್ಪ. ಹಕಾರವಿಲ್ಲದ ಆ ಭಾಷೆಯನ್ನು ಸ್ಟೋರ್ಸಿನವರು ಅವರ ಬಾಯಲ್ಲಿ ಕೇಳಿದ್ದು ಅದೇ ಮೊದಲು.

ಎದ್ದು ನಿಂತ ಮೇಲೂ ಇಬ್ಬರೂ ಕೈ ಬಿಡಲಿಲ್ಲ. ಒಳಗಿನಿಂದ ಬಂದ ಅತ್ತಿಗೆ ಮುನಿಕೃಷ್ಣಮ್ಮ ಇಬ್ಬರನ್ನೂ ನೋಡಿ, ಹೊಗೆ ಹೋದವರಂತೆ ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಅವರೆಕಾಳು ಸಾರು ಆಗದೆ. ಕೈ ಆಮ್ಯಾಕ್ ಇಡ್ಕಳಿ, ಒಳೀಕ್ ಬನ್ನಿ."

ಅಂಗಳದಲ್ಲಿ ವ್ಯಾಖ್ಯಾನಗಳು ಶುರುವಾದವು. "ನಾನ್ ಮಡಗಿದ ಹಣ್ಣು!" ಎಂದು ಪಿಳ್ಳಣ್ಣ ಎದೆ ಬಡಿದುಕೊಂಡ. "ಒಡೀದೆ ಕುಂತಿದ್ದೇ ಇದಕ್ಕೆ." ಉಪೇಂದ್ರ ಮಾತ್ರ ಶೇಖರಪ್ಪನವರ ಹತ್ತಿರ ಬಂದು ಮೆಲ್ಲಗೆ ಹೇಳಿದ: "ಇಷ್ಟು ದೊಡ್ಡ ಪ್ಲಾನು ನಿಮ್ಮ ತಲೇಲಿತ್ತು ಅಂತ ಗೊತ್ತಿರ್ಲಿಲ್ಲ ಗುರುವೇ. ಸೋತೆ."

ಶೇಖರಪ್ಪನವರು ನಕ್ಕರು. ಆ ನಗು ಏನನ್ನೂ ಒಪ್ಪಿಕೊಳ್ಳಲಿಲ್ಲ, ನಿರಾಕರಿಸಲೂ ಇಲ್ಲ.

ಆರ್.ಟಿ. ನಗರ ತಲುಪಿದಾಗ ಬೀದಿ ದೀಪ ಹತ್ತಿತ್ತು. ನಾಲ್ಕು ಜನ ಸೇರಿ ರಾಮಕೃಷ್ಣಪ್ಪನವರನ್ನು ಕಾರಿನಿಂದ ಎತ್ತಿದರು. ಬಾಗಿಲಲ್ಲಿ ಆರತಿಯಾಯಿತು. ಅವರು ಎಲ್ಲರನ್ನೂ ದೂರ ನಿಲ್ಲಿಸಿ ಶೇಖರಪ್ಪನವರೊಬ್ಬರನ್ನೇ ಕರೆದರು. ಒಂದು ಕೈಯಲ್ಲಿ ಬೀಗದ ಕೈ ಗೊಂಚಲು, ಇನ್ನೊಂದರಲ್ಲಿ ನಿಂಬೆಹಣ್ಣು.

"ಮುಂದಿನ ಬಲಗಡೆ ಚಕ್ರ," ಎಂದರು. "ಒಳ ಅಂಚಲ್ಲಿ ಊರ್ತಾ ಇದೆ. ಉರುಳ್ತಾ ಇಲ್ಲ, ಉಜ್ಜಿಕೊಂಡು ಹೋಗ್ತಾ ಇದೆ. ನೋಡಿ, ಸಿಪ್ಪೆ ಒಂದೇ ಕಡೆಗೆ ತರಚಿದೆ. ಆ ಕಡೆ ಸ್ಪ್ರಿಂಗು ಜಾಸ್ತಿ ಕತ್ತರಿಸಿದಾರೆ ನಿಮ್ಮೋರು. ಕಾರು ಎಡಕ್ಕೆ ಎಳಿಯುತ್ತೆ ಅಂತ ನನಗೆ ಗೇಟಲ್ಲೇ ಗೊತ್ತಾಯ್ತು."

"ಮತ್ತೆ ಯಾಕೆ ಸಾರ್ ಹತ್ತಿದ್ರಿ?"

"ನಮ್ಮಣ್ಣನ ಮನೆ ಎಡಗಡೆ ಇದೆ ಅಂತಾನೂ ಗೊತ್ತಿತ್ತು."

ಅವರು ಗೊಂಚಲನ್ನು ಒಮ್ಮೆ ಅಲುಗಿಸಿದರು. ದೂರದಲ್ಲಿ ನಿಂತಿದ್ದ ಉಪೇಂದ್ರನ ತಲೆ ಆ ಸದ್ದಿಗೆ ಮೇಲೆದ್ದಿತು.

"ಉಪೇಂದ್ರ ಒಳ್ಳೇ ಕೆಲಸಗಾರ. ಲೆಕ್ಕದಲ್ಲಿ ನಿಮಗಿಂತ ಚುರುಕು. ಆದ್ರೆ ಅವನ ಕಾರು ನೇರ ಹೋಗುತ್ತೆ." ಗೊಂಚಲು ಶೇಖರಪ್ಪನವರ ಅಂಗೈಗೆ ಬಿತ್ತು. "ಒಂದು ಕೆಲಸ ಉಳಿದಿದೆ. ಹೊರಡೋವಾಗ ನಮ್ಮಣ್ಣ ಏನಂದ ಕೇಳಿಸ್ಕೊಂಡ್ರಾ? 'ನೀನಾಗಿ ಬರಲಿಲ್ಲ, ಕಾರು ಬಂತು; ಹಂಗಾಗಿ ನಾನೂ ನಾನಾಗಿ ಬರಲ್ಲ' ಅಂದ. ಭಾನುವಾರ ಅವನು ಇಲ್ಲಿಗೆ ಊಟಕ್ಕೆ ಬರಬೇಕು. ನೀವೇ ಕರ್ಕೊಂಡ್ ಬರ್ತೀರಿ. ಹೆಬ್ಬಾಳದ ಕಡೆಯಿಂದ ಬಂದ್ರೆ ನಮ್ಮನೆ ಯಾವ ಕಡೆ ಬರುತ್ತೆ?"

ಶೇಖರಪ್ಪನವರು ರಸ್ತೆಯತ್ತ ನೋಡಿದರು. ಮನೆಯತ್ತ ನೋಡಿದರು.

"ಬಲಗಡೆ ಸಾರ್."

"ಹಾಂ. ನಿಮ್ಮ ಮೆಕ್ಯಾನಿಕ್‌ಗೆ ಹೇಳಿ."

ಬುಧವಾರ ಸಂಜೆ ಸೊಂಟದಲ್ಲಿ ಗೊಂಚಲು ಝಣಗುಡಿಸುತ್ತ ಹೊಸ ಸೂಪರಿಂಟೆಂಡೆಂಟರು ಯಶವಂತಪುರಕ್ಕೆ ಹೋದರು. ಬೆಳಿಗ್ಗೆಯೇ ಅಲ್ಲಿ ಬಿಟ್ಟಿದ್ದ ಫಿಯಟ್ಟಿಗೆ ಖಾದರ್ ಬಾಷಾ ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ ದಾರ ಹಿಡಿದು, ಒಂದು ಕಣ್ಣು ಮುಚ್ಚಿ ನೋಡುತ್ತಿದ್ದರು. ಶೇಖರಪ್ಪನವರು ತಗ್ಗಿದ ದನಿಯಲ್ಲಿ ವಿಷಯವೆಲ್ಲ ಹೇಳಿದರು. ಅಲೈನ್‌ಮೆಂಟ್ ಬಗ್ಗೆ ಈ ಸಲ ತಮ್ಮ ಅಭಿಪ್ರಾಯ ಏನನ್ನೂ ಸೇರಿಸಲಿಲ್ಲ.

ಖಾದರ್ ಬಾಷಾ ದಾರವನ್ನು ನಿಧಾನವಾಗಿ ಬೆರಳಿಗೆ ಸುತ್ತಿಕೊಂಡರು. ಕಾರಿನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತು, ಬೀಡಿ ಹಚ್ಚಿ, ಎಡ ಚಕ್ರವನ್ನೊಮ್ಮೆ ಬಲ ಚಕ್ರವನ್ನೊಮ್ಮೆ ನೋಡಿದರು.

"ಮನೆ ರಸ್ತೆಯಿಂದ ಎಷ್ಟು ಅಡಿ ಒಳಗಿದೆ ಸಾರ್?"